ಒಡಕು ದನಿಯ ಪೆಟ್ಟಿಗೆ

1951ರ ಮಾರ್ಚ್ ತಿಂಗಳು. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್ ಎಂಬ ಊರಿನಿಂದ ಒಂದು ವಾದ್ಯತಂಡ ಮೆಂಫಿಸ್ ನಗರಕ್ಕೆ ಕಾರಿನಲ್ಲಿ ಹೊರಟಿತ್ತು. ಹತ್ತೊಂಬತ್ತರ ಹರೆಯದ ಐಕ್ ಟರ್ನರ್ ಅದರ ನಾಯಕ. ಸ್ಯಾಮ್ ಫಿಲಿಪ್ಸ್ ಎಂಬಾತನ ಪುಟ್ಟ ಸ್ಟುಡಿಯೋದಲ್ಲಿ ಹಾಡೊಂದನ್ನು ಧ್ವನಿಮುದ್ರಿಸುವುದು ಅವರ ಉದ್ದೇಶ. ದಾರಿಯಲ್ಲಿ ಗಿಟಾರ್ ವಾದಕ ವಿಲ್ಲಿ ಕೈಝಾರ್ಟನ ಆಂಪ್ಲಿಫೈಯರ್ ಪೆಟ್ಟಿಗೆಗೆ ಏಟು ಬಿತ್ತು. ಕಾರಿನ ಮೇಲಿಂದ ಉರುಳಿತು ಎಂದು ಕೆಲವರು, ಡಿಕ್ಕಿಯೊಳಗೆ ಮಳೆನೀರು ಹೊಕ್ಕಿತು ಎಂದು ಕೆಲವರು. ಅಂತೂ ಸ್ಟುಡಿಯೋ ತಲುಪಿ ನೋಡಿದರೆ ಒಳಗಿನ ಸ್ಪೀಕರ್ ಕೆಟ್ಟಿದೆ. ರಿಪೇರಿಗೆ ಹೊತ್ತಿಲ್ಲ. ಫಿಲಿಪ್ಸ್ ಒಂದಿಷ್ಟು ಕಾಗದವನ್ನು ಮುದ್ದೆ ಮಾಡಿ ಸ್ಪೀಕರಿನೊಳಕ್ಕೆ ತುರುಕಿದ. ತಂತಿ ಮೀಟಿದಾಗ ಗಿಟಾರು ಗೊಗ್ಗರು ದನಿಯಲ್ಲಿ ಗುರುಗುಟ್ಟಿತು. ಯಾರಿಗಾದರೂ ದೋಷವೆಂದೇ ತೋರಬೇಕಾಗಿದ್ದ ಆ ದನಿ ಫಿಲಿಪ್ಸನಿಗೆ ಹಿಡಿಸಿಬಿಟ್ಟಿತು. ‘ರಾಕೆಟ್ 88’ ಎಂಬ ಆ ಹಾಡು ಅದೇ ವರ್ಷ ಜನಪ್ರಿಯತೆಯ ಪಟ್ಟಿಯ ತುದಿಗೇರಿತು. ರಾಕ್ ಅಂಡ್ ರೋಲ್ ಸಂಗೀತದ ಮೊದಲ ತಟ್ಟೆ ಇದೇ ಎನ್ನುವವರು ಇಂದಿಗೂ ಇದ್ದಾರೆ.

ಮಗನಿಗೋ ಮಗಳಿಗೋ ಎಲೆಕ್ಟ್ರಿಕ್ ಗಿಟಾರ್ ಕೊಡಿಸಲು ಅಂಗಡಿಗೆ ಹೋದವರಿಗೆ ಈ ಹಳೆಯ ಕಥೆಯಿಂದ ಏನು ಪ್ರಯೋಜನ ಎಂದು ಕೇಳಬಹುದು. ಪ್ರಯೋಜನವಿದೆ. ಗಿಟಾರು ಆರಿಸಿದ ಮೇಲೆ ಅಂಗಡಿಯವರು ಕೇಳುವ ಮುಂದಿನ ಪ್ರಶ್ನೆ, ಆಂಪ್ ಯಾವುದು, ವಾಲ್ವಿನದೋ ಟ್ರಾನ್ಸಿಸ್ಟರಿನದೋ ಎಂದು. ಎರಡರ ನಡುವೆ ಬೆಲೆಯಲ್ಲಿ ಅಜಗಜಾಂತರ. ಬಲ್ಲವರೆನಿಸಿಕೊಂಡವರು ವಾಲ್ವಿನದೇ ನಿಜವಾದ ದನಿ, ಉಳಿದದ್ದು ಆಟಿಕೆ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಜಗತ್ತಿನ ರೇಡಿಯೋ, ಟೆಲಿವಿಷನ್, ಕಂಪ್ಯೂಟರುಗಳೆಲ್ಲ ಎಂದೋ ಕೈಬಿಟ್ಟ ಗಾಜಿನ ಬುರುಡೆ ಗಿಟಾರ್ ಪೆಟ್ಟಿಗೆಯಲ್ಲಿ ಮಾತ್ರ ಏಕೆ ಉಳಿಯಿತು? ಉತ್ತರ ಆ ಕಾಗದ ತುರುಕಿದ ಸ್ಪೀಕರಿನಿಂದಲೇ ಆರಂಭವಾಗುತ್ತದೆ.

ಎಲೆಕ್ಟ್ರಿಕ್ ಗಿಟಾರು ಒಂಟಿಯಾಗಿ ಅರ್ಧ ವಾದ್ಯ. ವೀಣೆಗೆ ಕೊಡವಿದೆ, ಸಾಮಾನ್ಯ ಗಿಟಾರಿಗೆ ಟೊಳ್ಳು ಹೊಟ್ಟೆಯಿದೆ. ತಂತಿಯ ಕಂಪನವನ್ನು ಹಿಗ್ಗಿಸಿ ಕೇಳಿಸುವುದು ಅದೇ. ಎಲೆಕ್ಟ್ರಿಕ್ ಗಿಟಾರಿಗಾದರೋ ಇರುವುದು ಸಾಮಾನ್ಯವಾಗಿ ಗಟ್ಟಿ ಮರದ ಹಲಗೆ. ತಂತಿಯ ಕೆಳಗಿನ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಕಂಪನವನ್ನು ಒಂದು ಕ್ಷೀಣ ವಿದ್ಯುತ್ ಅಲೆಯಾಗಿ ಮಾರ್ಪಡಿಸುತ್ತವೆ. ಅದನ್ನು ಬಲಪಡಿಸಿ ಸ್ಪೀಕರಿನ ಮೂಲಕ ಹೊರಗೆ ಕಳಿಸುವ ಆಂಪೇ ಈ ವಾದ್ಯದ ಕೊಡ. ಆದ್ದರಿಂದ ಹಾಡು ಕೇಳುವ ಸ್ಟೀರಿಯೋಗೂ ಗಿಟಾರ್ ಆಂಪಿಗೂ ಹೋಲಿಕೆ ಸಲ್ಲದು. ಸ್ಟೀರಿಯೋ ತನ್ನದೇನನ್ನೂ ಸೇರಿಸದೆ ಇದ್ದದ್ದನ್ನು ಇದ್ದಂತೆ ಒಪ್ಪಿಸಬೇಕು. ಗಿಟಾರ್ ಆಂಪು ತನ್ನದನ್ನು ಸೇರಿಸಲೇಬೇಕು.

ಬಲಪಡಿಸುವ ಕೆಲಸಕ್ಕೆ ಇತಿಹಾಸದಲ್ಲಿ ಎರಡು ಸಾಧನಗಳು ಬಂದವು. ಮೊದಲನೆಯದು ವಾಲ್ವ್. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಎರಡು ವಿದ್ಯುದಗ್ರಗಳ ವಾಲ್ವನ್ನು ರೂಪಿಸಿದರು. ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯದೊಂದನ್ನು ಸೇರಿಸಿ, ಅಲೆಯನ್ನು ಬಲಪಡಿಸಲು ದಾರಿ ಮಾಡಿದರು. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹಾರುತ್ತವೆ, ನಡುವಿನ ಸಣ್ಣ ಜಾಲರಿ ಅವುಗಳ ಹರಿವನ್ನು ತೂಬಿನಂತೆ ಹಿಡಿದು ಬಿಡುತ್ತದೆ. ಎರಡನೆಯದು 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್. ಅದೇ ಕೆಲಸವನ್ನು ಕಾಯಿಸುವ ರಗಳೆಯಿಲ್ಲದೆ ಒಂದು ಹರಳಿನ ಚೂರು ಮಾಡತೊಡಗಿತು.

ಸ್ವಿಚ್ ಹಾಕಿ ‘ಸೆಟ್ಟು ಕಾಯಲಿ’ ಎಂದು ಅರ್ಧ ನಿಮಿಷ ಕಾದು ಕುಳಿತು, ಹಸಿರು ಕಣ್ಣು ಅರಳಿದ ಮೇಲೆ ವಾರ್ತೆ ಕೇಳಿದ ಹಿರಿಯರಿಗೆ ವಾಲ್ವ್ ಹೊಸದಲ್ಲ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವ್‌ಗಳನ್ನೂ ಅದರ ಮರುವರ್ಷವೇ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತಯಾರಿಸಲು ತೊಡಗಿತು. ಅಲ್ಲಿ ತಯಾರಾದವುಗಳಲ್ಲಿ ‘ಇಎಲ್ 84’ ಒಂದು. ದೊಡ್ಡ ರೇಡಿಯೋಗಳ ಸ್ಪೀಕರನ್ನು ಆಡಿಸುತ್ತಿದ್ದ ವಾಲ್ವ್ ಅದು. ಬೀಟಲ್ಸ್ ತಂಡ ಮೆರೆಸಿದ ವಾಕ್ಸ್ ಎಸಿ 30 ಆಂಪಿನ ಹೊಟ್ಟೆಯಲ್ಲಿ ಇದೇ ಮಾದರಿಯ ವಾಲ್ವ್‌ಗಳು ನಾಲ್ಕಿವೆ. ಬಿಇಎಲ್ ಮುದ್ರೆಯ ಹಳೆಯ ದಾಸ್ತಾನು ಈಗ ವಿದೇಶಗಳಲ್ಲಿ ಗಿಟಾರ್ ಆಂಪಿಗೆಂದೇ ಬಿಕರಿಯಾಗುತ್ತದೆ.

ಎರಡೂ ಮಾಡುವುದು ಒಂದೇ ಕೆಲಸವಾದರೆ ವ್ಯತ್ಯಾಸ ಎಲ್ಲಿ? ಹಿತಮಿತವಾಗಿ ದುಡಿಸಿಕೊಂಡಾಗ ವ್ಯತ್ಯಾಸ ಅಲ್ಪ. ಕೈಮೀರಿ ದುಡಿಸಿದಾಗ ಅದು ಬಯಲಾಗುತ್ತದೆ. ಜಾತ್ರೆಯ ಧ್ವನಿವರ್ಧಕವನ್ನು ಅದರ ತಾಕತ್ತಿಗಿಂತ ಹೆಚ್ಚು ತಿರುಗಿಸಿದರೆ ದನಿ ಒಡೆಯುವುದನ್ನು ಎಲ್ಲರೂ ಕೇಳಿದ್ದಾರೆ. ಆಂಪಿನೊಳಗೆ ಅಲೆ ಏರಬಹುದಾದ ಎತ್ತರಕ್ಕೆ ಒಂದು ಮಿತಿಯುಂಟು. ಹಳೆಯ ಮನೆಯ ಗಿಡ್ಡ ಬಾಗಿಲಿನಲ್ಲಿ ಎತ್ತರದ ಆಳು ನುಗ್ಗುವ ಹಾಗೆ ಇದು. ವಾಲ್ವಿನ ಅಲೆ ಬಾಗಿಲು ಹತ್ತಿರವಾಗುತ್ತಿದ್ದಂತೆ ಮೆಲ್ಲನೆ ತಲೆ ಬಾಗಿಸುತ್ತದೆ. ಮಾಮೂಲು ಟ್ರಾನ್ಸಿಸ್ಟರ್ ಆಂಪಿನ ಅಲೆ ಕೊನೆಯ ಕ್ಷಣದವರೆಗೂ ನೆಟ್ಟಗೆ ಬಂದು ಪಟ್ಟಿಗೆ ಹಣೆ ಚಚ್ಚಿಕೊಳ್ಳುತ್ತದೆ. ದುಂಡಗೆ ಬಾಗಿದ ಅಲೆಯಲ್ಲಿ ಮೂಲಸ್ವರದ ಎರಡು ಪಟ್ಟು, ಮೂರು ಪಟ್ಟು ಕಂಪನದ ಹತ್ತಿರದ ಉಪಸ್ವರಗಳು ಮುಖ್ಯವಾಗಿ ಹುಟ್ಟುತ್ತವೆ, ಕಿವಿಗೆ ಅವು ದನಿಯ ತುಂಬುವಿಕೆಯಂತೆ ತೋರುತ್ತವೆ. ಚಕ್ಕನೆ ಕತ್ತರಿಸಿದ ಅಲೆಯ ಮೂಲೆಗಳಿಂದ ಬಹು ದೂರದ ಉಪಸ್ವರಗಳೂ ಏಳುತ್ತವೆ, ಅವು ಗರಗಸದಂತೆ ಕೊರೆಯುತ್ತವೆ. ಇದಲ್ಲದೆ ಹಳೆಯ ವಾಲ್ವ್ ಆಂಪಿನಲ್ಲಿ ತಂತಿಯನ್ನು ಬಲವಾಗಿ ಮೀಟಿದ ಕ್ಷಣ ಒಳಗಿನ ವೋಲ್ಟೇಜು ತುಸು ಕುಸಿದು ಮತ್ತೆ ಚೇತರಿಸಿಕೊಳ್ಳುತ್ತದೆ. ಸ್ವರ ಮೊದಲು ಒತ್ತಿ ಹಿಡಿದಂತಾಗಿ ಆಮೇಲೆ ಅರಳುತ್ತದೆ. ಇದು ಕೇಳುವವನಿಗಿಂತ ನುಡಿಸುವವನ ಬೆರಳಿಗೇ ಹೆಚ್ಚು ತಿಳಿಯುತ್ತದೆ.

ದೋಷವನ್ನೇ ರುಚಿಯಾಗಿಸಿಕೊಳ್ಳುವುದು ನಮ್ಮ ಸಂಗೀತಕ್ಕೆ ಅಪರಿಚಿತವೇನಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಎಳೆ ನೂಲನ್ನು ಸರಿಸಿ ಸರಿಸಿ ಕೂರಿಸುವುದು ಯಾತಕ್ಕೆ? ಬರಿಯ ತಂತಿಯ ‘ಟಣ್’ ಶಬ್ದ ಹೋಗಿ ಝೇಂಕಾರ ಹುಟ್ಟಲಿ ಎಂದು. ಸಿ.ವಿ. ರಾಮನ್ 1921ರಲ್ಲಿ ತಂಬೂರಿ ಮತ್ತು ವೀಣೆಗಳ ಕುದುರೆಯನ್ನು ಕುರಿತು ಬರೆದು, ಹಳೆಯ ನಿಯಮದ ಪ್ರಕಾರ ಕೇಳಿಸಬಾರದ ಉಪಸ್ವರಗಳು ಈ ವಾದ್ಯಗಳಲ್ಲಿ ಬಲವಾಗಿ ಕೇಳಿಸುತ್ತವೆ ಎಂದು ತೋರಿಸಿದ್ದರು. ಇನ್ನೊಂದು ಸೋಜಿಗವೂ ಇದೆ. ದನಿ ಒಡೆದ ಗಿಟಾರಿನಲ್ಲಿ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಎಲ್ಲ ಕಲಸಿ ರಾಡಿಯಾಗುತ್ತದೆ. ಆದ್ದರಿಂದ ರಾಕ್ ವಾದಕರು ಎರಡೇ ಸ್ವರಗಳ ಜೋಡಿಗೆ ಶರಣಾದರು. ಅದು ತಂಬೂರಿಯವರ ಷಡ್ಜ-ಪಂಚಮವೇ.

ಆದರೆ ಈ ಆಂಪುಗಳನ್ನು ಕಟ್ಟಿದವರು ದನಿ ಒಡೆಯಲಿ ಎಂದು ಬಯಸಿರಲಿಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಲಿಯೋ ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಜೋರಾದ ಆದರೆ ಸ್ವಚ್ಛವಾದ ದನಿ ಅವರ ಗುರಿ. 1952ರಲ್ಲಿ ಅವರ ಕಂಪನಿ ಬಾಸ್ ಗಿಟಾರಿಗೆಂದು ‘ಬಾಸ್‌ಮನ್’ ಆಂಪನ್ನು ತಂದಿತು. ಹತ್ತು ಅಂಗುಲದ ನಾಲ್ಕು ಸ್ಪೀಕರುಗಳ ಅದರ 1959ರ ರೂಪವನ್ನು ಸಾಮಾನ್ಯ ಗಿಟಾರಿನವರೇ ಹೆಚ್ಚಾಗಿ ಮೆಚ್ಚಿಕೊಂಡರು. ಲಂಡನ್ನಿನ ಹ್ಯಾನ್ವೆಲ್‌ನಲ್ಲಿ ವಾದ್ಯಗಳ ಅಂಗಡಿ ತೆರೆದಿದ್ದ ಡ್ರಮ್ ವಾದಕ ಜಿಮ್ ಮಾರ್ಷಲ್, ಆಮದಿನ ಆಂಪ್ ದುಬಾರಿಯಾಯಿತೆಂದು ತಮ್ಮ ರಿಪೇರಿಯ ಹುಡುಗರ ನೆರವಿನಿಂದ 1962ರಲ್ಲಿ ಅದೇ ಬಾಸ್‌ಮನ್‌ನ ನಕ್ಷೆಯನ್ನು ಇಂಗ್ಲೆಂಡಿನಲ್ಲಿ ಸಿಗುವ ಬಿಡಿಭಾಗಗಳಿಂದ ಮರುಕಟ್ಟಿಸಿದರು. ಭಾಗಗಳು ಬೇರೆ, ಸ್ಪೀಕರ್ ಬೇರೆ, ದನಿಯೂ ಬೇರೆ. ಅದು ಇನ್ನಷ್ಟು ಬೇಗ ಒಡೆಯುತ್ತಿತ್ತು. 1966ರಲ್ಲಿ ಜಾನ್ ಮೆಯಾಲ್ ತಂಡದ ಧ್ವನಿಮುದ್ರಣಕ್ಕೆ ಬಂದ ಎರಿಕ್ ಕ್ಲಾಪ್ಟನ್ ತನ್ನ ಮಾರ್ಷಲ್ ಆಂಪನ್ನು ವೇದಿಕೆಯ ಮೇಲಿನಷ್ಟೇ ಜೋರಾಗಿ ಇಡುವೆನೆಂದು ಹಟ ಹಿಡಿದರು. ಸ್ಟುಡಿಯೋದ ತಂತ್ರಜ್ಞರು ಹೌಹಾರಿದರು. ಆ ತಟ್ಟೆಯ ದನಿ ಮುಂದೆ ಗಿಟಾರ್ ವಾದಕರಿಗೆ ಪ್ರಮಾಣವಾಯಿತು.

‘ಜೋರಾಗಿ’ ಎಂಬ ಈ ಮಾತೇ ಮನೆಯಲ್ಲಿ ನುಡಿಸುವವರ ಪಾಲಿಗೆ ಇಕ್ಕಟ್ಟು. ಮೇಲೆ ಹೇಳಿದ ಬಾಗುವಿಕೆ, ಕುಸಿತ, ಅರಳುವಿಕೆ ಎಲ್ಲ ನಡೆಯುವುದು ಆಂಪು ತನ್ನ ಶಕ್ತಿಯ ತುದಿಯನ್ನು ಮುಟ್ಟಿದಾಗ. ಬಾಗಿಲು ಹತ್ತಿರವಾಗದೆ ತಲೆ ಬಾಗುವುದಿಲ್ಲ. ಮನೆಯಲ್ಲಿ ಆ ಬಾಗಿಲಿನವರೆಗೆ ಹೋಗಲು ಸಾಧ್ಯವೇ?

ಲೆಕ್ಕ ಹಾಕಿ ನೋಡಬಹುದು. ಹನ್ನೆರಡು ಅಂಗುಲದ ಒಳ್ಳೆಯ ಗಿಟಾರ್ ಸ್ಪೀಕರಿಗೆ ಒಂದೇ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 98 ಡೆಸಿಬೆಲ್ ಸದ್ದು ಬರುತ್ತದೆ. ಇಬ್ಬರ ಮಾಮೂಲು ಮಾತುಕತೆ 60 ಡೆಸಿಬೆಲ್ ಆಸುಪಾಸಿನದು. ಡೆಸಿಬೆಲ್ಲಿನ ಲೆಕ್ಕದಲ್ಲಿ ಹತ್ತು ಕಳೆದರೆ ಶಕ್ತಿ ಹತ್ತನೆಯ ಒಂದಕ್ಕೆ ಇಳಿಯುತ್ತದೆ. ಹಾಗಾಗಿ ಮಾತಿಗಿಂತ ತುಸು ಜೋರಾಗಿ, 68 ಡೆಸಿಬೆಲ್ಲಿನಲ್ಲಿ ನುಡಿಸಲು ಬೇಕಾದ ಶಕ್ತಿ ಒಂದು ವ್ಯಾಟಿನ ಸಾವಿರದ ಒಂದು ಪಾಲು! ಐವತ್ತು ವ್ಯಾಟಿನ ಆಂಪನ್ನು ಹಜಾರದಲ್ಲಿಟ್ಟು ಆ ಮಟ್ಟದಲ್ಲಿ ನುಡಿಸುವವನು ಆನೆಯ ಮೇಲೆ ಒಂದು ಕಡ್ಡಿಪೆಟ್ಟಿಗೆ ಹೇರಿದಂತೆ. ಬೆಲೆ ತೆತ್ತದ್ದು ಯಾವ ದನಿಗಾಗಿಯೋ ಆ ದನಿ ಅಲ್ಲಿ ಹುಟ್ಟುವುದೇ ಇಲ್ಲ.

ಹಾಗಾದರೆ ಐದು ವ್ಯಾಟಿನದು ಸಾಕಲ್ಲವೇ ಎಂದರೆ ಇನ್ನೊಂದು ತೊಡಕು. ಶಕ್ತಿ ಹತ್ತರಲ್ಲಿ ಒಂದಾದರೆ ಸದ್ದು ಹತ್ತರಲ್ಲಿ ಒಂದಾಗುವುದಿಲ್ಲ, ಕಿವಿಗೆ ಸುಮಾರು ಅರ್ಧವಾದಂತೆ ಕೇಳಿಸುತ್ತದೆ ಅಷ್ಟೆ. ಐದು ವ್ಯಾಟಿನ ವಾಲ್ವ್ ಆಂಪನ್ನು ದನಿ ಒಡೆಯುವವರೆಗೆ ತಿರುಗಿಸಿದರೆ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಬಾಗಿಲು ಬಡಿಯುವುದು ಖಂಡಿತ. ಭಾರತದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಆದರೂ ಧ್ವನಿಮುದ್ರಣದ ಮಟ್ಟಿಗೆ ಪುಟ್ಟ ಆಂಪು ಹಗುರದ್ದಲ್ಲ. 1970ರಲ್ಲಿ ‘ಲೈಲಾ’ ಹಾಡು ಮುದ್ರಿಸುವಾಗ ಇದೇ ಕ್ಲಾಪ್ಟನ್ ಬಳಸಿದ್ದು ಫೆಂಡರ್ ಕಂಪನಿಯ ‘ಚಾಂಪ್’. ಎಂಟು ಅಂಗುಲದ ಒಂದೇ ಸ್ಪೀಕರ್ ಉಳ್ಳ, ಕಲಿಯುವ ಮಕ್ಕಳಿಗೆಂದು ಮಾರುತ್ತಿದ್ದ ಸಣ್ಣ ಪೆಟ್ಟಿಗೆ ಅದು.

ಈ ಇಕ್ಕಟ್ಟಿಗೆ ಎಂಜಿನಿಯರನ ಉತ್ತರ ಕೊಟ್ಟವರು ಟಾಮ್ ಶೋಲ್ಜ್. ಎಂಐಟಿಯಲ್ಲಿ ಓದಿ, ಪೋಲರಾಯ್ಡ್ ಕ್ಯಾಮೆರಾ ಕಂಪನಿಯಲ್ಲಿ ನೌಕರಿ ಮಾಡುತ್ತ, ರಾತ್ರಿಯೆಲ್ಲ ಮನೆಯ ನೆಲಮಾಳಿಗೆಯಲ್ಲಿ ಗಿಟಾರ್ ಮುದ್ರಿಸುತ್ತಿದ್ದ ಮನುಷ್ಯ. ಅವರ ‘ಬಾಸ್ಟನ್’ ತಂಡದ ಮೊದಲ ತಟ್ಟೆ 1976ರಲ್ಲಿ ಬಂದು, ಅಮೆರಿಕವೊಂದರಲ್ಲೇ 1 ಕೋಟಿ 70 ಲಕ್ಷ ಪ್ರತಿಗಳ ಪ್ರಮಾಣಪತ್ರ ಪಡೆಯಿತು. ನೆಲಮಾಳಿಗೆಯಲ್ಲಿ ಮಾರ್ಷಲ್ ಆಂಪನ್ನು ಪೂರ್ತಿ ತಿರುಗಿಸಿ, ಅದರಿಂದ ಹೊರಟ ಶಕ್ತಿಯ ಹೆಚ್ಚಿನ ಪಾಲನ್ನು ಸ್ಪೀಕರಿಗೆ ಮುಟ್ಟುವ ಮೊದಲೇ ಶಾಖವಾಗಿ ಕರಗಿಸಿಬಿಡುವ ಪೆಟ್ಟಿಗೆಯೊಂದನ್ನು ಅವರು ಕಟ್ಟಿಕೊಂಡಿದ್ದರು. ಮುಂದೆ ಅದನ್ನೇ ‘ಪವರ್ ಸೋಕ್’ ಹೆಸರಿನಲ್ಲಿ ಮಾರಿದರು. 1982ರಲ್ಲಿ ಅವರು ಹೊರತಂದ ‘ರಾಕ್‌ಮನ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವಷ್ಟು ಸಣ್ಣದು, ಸ್ಪೀಕರ್ ಇಲ್ಲ, ವಾಲ್ವೂ ಇಲ್ಲ, ಹೆಡ್‌ಫೋನಿನಲ್ಲಿ ಕೇಳುವುದು. ಮನೆಯಭ್ಯಾಸಕ್ಕೆಂದು ಹುಟ್ಟಿದ ಈ ಡಬ್ಬಿ ಡೆಫ್ ಲೆಪರ್ಡ್ ತಂಡದ 1987ರ ‘ಹಿಸ್ಟೀರಿಯಾ’ದಲ್ಲಿ ಬಳಕೆಯಾಯಿತು. ‘ನಿಜವಾದ ದನಿ’ಯ ವಾದಕ್ಕೆ ಇದಕ್ಕಿಂತ ಮುಜುಗರದ ಪುರಾವೆ ಬೇಕಿಲ್ಲ.

ಟ್ರಾನ್ಸಿಸ್ಟರ್ ಆಂಪಿಗೆ ಬಂದ ಕೆಟ್ಟ ಹೆಸರು ಸುಳ್ಳಿನದೇನೂ ಅಲ್ಲ. 1965ರಲ್ಲಿ ಸಿಬಿಎಸ್ ಕಂಪನಿಯ ಕೈಸೇರಿದ ಫೆಂಡರ್, ಮರುವರ್ಷವೇ ಟ್ರಾನ್ಸಿಸ್ಟರ್ ಆಂಪುಗಳನ್ನು ಅವಸರದಿಂದ ಮಾರುಕಟ್ಟೆಗಿಳಿಸಿತು. ಅವು ಕೆಡುತ್ತಿದ್ದವು, ಕರ್ಕಶವಾಗಿದ್ದವು, ಕೆಲವೇ ವರ್ಷಗಳಲ್ಲಿ ಅವನ್ನು ಕೈಬಿಡಬೇಕಾಯಿತು. ಆ ಪೀಳಿಗೆಯ ಅಸಮಾಧಾನ ಇಂದಿನ ಪೆಟ್ಟಿಗೆಗಳ ಮೇಲೂ ಸವಾರಿ ಮಾಡುತ್ತಿದೆ. ಆದರೆ ಜಪಾನಿನ ರೋಲಾಂಡ್ ಕಂಪನಿ 1975ರಲ್ಲಿ ತಂದ ‘ಜಾಝ್ ಕೋರಸ್ 120’ ಟ್ರಾನ್ಸಿಸ್ಟರಿನದೇ, ಸ್ವಚ್ಛ ದನಿಗೆ ಅದು ಇಂದಿಗೂ ಮಾದರಿ. ಬ್ಲೂಸ್ ದೊರೆ ಬಿ.ಬಿ. ಕಿಂಗ್ ‘ಲ್ಯಾಬ್ ಸೀರೀಸ್’ ಎಂಬ ಟ್ರಾನ್ಸಿಸ್ಟರ್ ಆಂಪನ್ನು ವರ್ಷಾನುಗಟ್ಟಲೆ ಮೆಚ್ಚಿ ನುಡಿಸಿದರು. ರೋಲಿಂಗ್ ಸ್ಟೋನ್ಸ್‌ನ 1965ರ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನ ಆರಂಭದ ಆ ಝೇಂಗುಡುವ ಗಿಟಾರು ‘ಫಝ್’ ಎಂಬ ಕಾಲೊತ್ತು ಪೆಟ್ಟಿಗೆಯದು. ಅದರೊಳಗೆ ಇದ್ದದ್ದು ಮೂರು ಜರ್ಮೇನಿಯಂ ಟ್ರಾನ್ಸಿಸ್ಟರುಗಳು. ಟ್ರಾನ್ಸಿಸ್ಟರಿಗೂ ಚೆನ್ನಾಗಿ ಒಡೆಯಲು ಬರುತ್ತದೆ, ಒಡೆಸುವವರಿಗೆ ತಿಳಿದಿರಬೇಕು.

ಮೂರನೆಯ ಕವಲು 1990ರ ದಶಕದ ಕೊನೆಯಲ್ಲಿ ಹುಟ್ಟಿತು. 1998ರಲ್ಲಿ ಬಂದ ‘ಪಾಡ್’ ಎಂಬ ಹುರುಳಿಕಾಯಿಯಾಕಾರದ ಕೆಂಪು ಪೆಟ್ಟಿಗೆಯಲ್ಲಿ, ಹಳೆಯ ವಾಲ್ವ್ ಆಂಪುಗಳು ಅಲೆಯನ್ನು ಹೇಗೆ ಬಾಗಿಸುತ್ತವೆ ಎಂಬುದನ್ನು ಗಣಿತದಲ್ಲಿ ಹಿಡಿದಿಟ್ಟ ಪ್ರೋಗ್ರಾಮುಗಳಿದ್ದವು. ಸದ್ದು ಎಷ್ಟೇ ಇರಲಿ, ಬಾಗುವಿಕೆಯ ಲೆಕ್ಕ ಬೇರೆ. ಯಮಾಹಾ 2011ರಲ್ಲಿ ಮೇಜಿನ ಮೇಲಿಡುವ ‘ಟಿಎಚ್‌ಆರ್’ ಆಂಪುಗಳನ್ನು ಮನೆಯ ಬಳಕೆಗೆಂದೇ ಹೇಳಿಕೊಂಡು ತಂದಿತು. ಲಿಯೋ ಫೆಂಡರ್ ತಪ್ಪಿಸಲು ಹೆಣಗಿದ ದೋಷವನ್ನು ಎಳೆಎಳೆಯಾಗಿ ನಕಲು ಮಾಡುವುದೇ ಈಗ ಎಂಜಿನಿಯರುಗಳ ಉದ್ಯೋಗ.

ಸೋಲುವುದು ಆಂಪು ಮಾತ್ರವಲ್ಲ, ಕಿವಿಯೂ ಹೌದು. 1933ರಲ್ಲಿ ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್, ಸದ್ದು ಇಳಿದಂತೆ ಮಂದ್ರದ ಮತ್ತು ತೀರ ತಾರದ ಸ್ವರಗಳು ಕಿವಿಗೆ ಬೇಗನೆ ಮಸುಕಾಗುತ್ತವೆ ಎಂದು ತೋರಿಸಿದರು. ರಾತ್ರಿ ಮೆಲ್ಲಗೆ ನುಡಿಸಿದಾಗ ದನಿ ಸಪ್ಪೆ ಎನಿಸಿದರೆ ಅದು ವಾಲ್ವಿನ ಅಥವಾ ಟ್ರಾನ್ಸಿಸ್ಟರಿನ ತಪ್ಪಾಗಿರಬೇಕಿಲ್ಲ. ‘ಬಾಸ್’ ಗುಂಡಿಯನ್ನು ತುಸು ಏರಿಸಿದರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ. ಲಕ್ಷ ರೂಪಾಯಿಯ ಆಂಪಿಗೂ ಇದೇ ಗತಿ.

ಇಷ್ಟಾದ ಮೇಲೂ ವಾಲ್ವೇ ಬೇಕೆನ್ನುವವರು ಕೆಲವು ಸಂಗತಿ ತಿಳಿದಿರಬೇಕು. ಟ್ರಾನ್ಸ್‌ಫಾರ್ಮರುಗಳ ದೆಸೆಯಿಂದ ಅದು ಭಾರ, ಫೆಂಡರಿನ ‘ಟ್ವಿನ್ ರಿವರ್ಬ್’ ಮೂವತ್ತು ಕಿಲೋ ಹತ್ತಿರ ತೂಗುತ್ತದೆ. ಒಳಗೆ ಮುನ್ನೂರು, ನಾನೂರು ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದು ಪ್ರಾಣಕ್ಕೆ ಎರವಾಗಬಹುದು, ಗೊತ್ತಿಲ್ಲದವರು ಬಿಚ್ಚಬಾರದು. ಸ್ಪೀಕರಿನ ತಂತಿ ತೆಗೆದು ನುಡಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಡುವ ಅಪಾಯವಿದೆ. ಅಮೆರಿಕದಿಂದ ನೆಂಟರು ಹೊತ್ತು ತಂದ ಪೆಟ್ಟಿಗೆಯಾದರೆ ಅದು 120 ವೋಲ್ಟಿನದು, ನಮ್ಮ 230ಕ್ಕೆ ನೇರ ಸಿಕ್ಕಿಸುವಂತಿಲ್ಲ. ವಾಲ್ವ್‌ಗಳು ಸವೆಯುತ್ತವೆ, ಬದಲಿಸಬೇಕು. ಈಗ ಅವುಗಳ ತಯಾರಿ ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ ಮತ್ತು ಚೀನಾಗಳಲ್ಲಿ ಮಾತ್ರ. 2022ರಲ್ಲಿ ಯುಕ್ರೇನ್ ಯುದ್ಧದ ಬೆನ್ನಿಗೆ ರಷ್ಯಾದ ರಫ್ತಿಗೆ ತಡೆ ಬಿದ್ದಾಗ ಗಿಟಾರಿನವರು ಸಿಕ್ಕಿದ್ದನ್ನು ಸಿಕ್ಕಿದ ಬೆಲೆಗೆ ಕೊಂಡು ಕೂಡಿಟ್ಟರು.

ವಾರಕ್ಕೊಮ್ಮೆ ತಂಡದೊಂದಿಗೆ ನುಡಿಸುವವರಿಗೆ, ಬೇರೆ ಮನೆಗಳಿಂದ ದೂರದ ತೋಟದ ಮನೆಯವರಿಗೆ, ರಿಪೇರಿ ಬಲ್ಲವರು ಹತ್ತಿರವಿರುವವರಿಗೆ ವಾಲ್ವ್ ಕೊಟ್ಟ ಕಾಸಿಗೆ ಮೋಸವಿಲ್ಲ. ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ, ಆಫೀಸಿನಿಂದ ಬಂದು ಮಕ್ಕಳು ಮಲಗಿದ ಮೇಲೆ ಗಿಟಾರು ಹಿಡಿಯುವವರಿಗೆ ಟ್ರಾನ್ಸಿಸ್ಟರಿನದೋ ಗಣಿತದ್ದೋ ಸಾಧಾರಣ ಬೆಲೆಯ ಪೆಟ್ಟಿಗೆಯೇ ಹೆಚ್ಚು ಸಂಗೀತ ಕೊಡುತ್ತದೆ. ಹೆಡ್‌ಫೋನಿಗೆ ತೂತು ಇದೆಯೇ ಎಂದು ನೋಡಿಕೊಂಡರಾಯಿತು. ಅಂಗಡಿಯಲ್ಲಿ ಮಾರಾಟದ ಹುಡುಗ ಆಂಪನ್ನು ಗುಡುಗಿಸಿ ತೋರಿಸುತ್ತಾನೆ, ಆಗ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತವೆ. ಅವನ ಪ್ರದರ್ಶನ ಮುಗಿದ ಮೇಲೆ, ಪಕ್ಕದವರ ಮಾತು ಕೇಳಿಸುವಷ್ಟಕ್ಕೆ ಸದ್ದು ಇಳಿಸಿ, ಕಾಲು ಗಂಟೆ ಅಲ್ಲೇ ಕೂತು ನುಡಿಸಿ ನೋಡಬೇಕು.